ಗೋಡೆ ಯಾವುದೆಂದು ಹೇಳಿ: ಜಾಗೃತಿ ಫಲಕಗಳಿಗೆ ಸಹಿ ಹಾಕುವವರಿಗೊಂದು ಬಹಿರಂಗ ಪತ್ರ

ಮಾನ್ಯರೇ,

ನೀವು ಯಾವ ಊರಿನ ಯಾವ ಕಚೇರಿಯಲ್ಲಿ ಕೂತಿದ್ದೀರಿ ಎಂಬುದು ಈ ಪತ್ರಕ್ಕೆ ಮುಖ್ಯವಲ್ಲ. ನೀರು ಉಳಿಸಿ, ಪ್ಲಾಸ್ಟಿಕ್ ಬಿಡಿ, ಕಸ ಎಸೆಯಬೇಡಿ, ಹಿಂಸೆ ನಿಲ್ಲಿಸಿ ಎಂದು ಬರೆದ ಫಲಕಗಳ ಕಡತ ನಿಮ್ಮ ಮೇಜಿಗೆ ಬರುತ್ತದೆ. ನೀವು ಸಹಿ ಹಾಕಿದರೆ ಅವು ಬೀದಿಗಿಳಿಯುತ್ತವೆ. ಗೋಡೆ, ಕಾಂಪೌಂಡು, ಬಸ್ ನಿಲ್ದಾಣ, ಮೇಲ್ಸೇತುವೆಯ ಕಂಬ ಎಲ್ಲಕ್ಕೂ ನಿಮ್ಮದೇ ಅನುಮತಿ ಬೇಕು. ಮುಂದಿನ ಕಡತಕ್ಕೆ ಸಹಿ ಹಾಕುವ ಮೊದಲು ನನ್ನ ಮಾತು ಸ್ವಲ್ಪ ಕೇಳಿ.

ನಾನು ಅಕ್ಷರ ಬರೆದು ಬದುಕಿದವಳು. ಮೊದಲು ಕುಂಚ ಹಿಡಿದು ಬೋರ್ಡ್ ಬರೆದೆ, ಆಮೇಲೆ ಕಂಪ್ಯೂಟರಿನಲ್ಲಿ ಫಾಂಟ್ ಜೋಡಿಸಿದೆ. ಈಗ ಹಲವು ವರ್ಷಗಳಿಂದ ಬಾಟಲಿ ಮುಚ್ಚಳ, ಹಳೆ ಬಟ್ಟೆ, ಹಗ್ಗ, ರಟ್ಟು ಇಂಥವುಗಳಿಂದ ಮಕ್ಕಳ ಜೊತೆ, ಕೆಲಸಗಾರರ ಜೊತೆ ಕೂತು ಅಕ್ಷರ ಕಟ್ಟುತ್ತಿದ್ದೇನೆ. ನಿಮ್ಮಂಥ ಕಚೇರಿಗಳಿಗೆ ಜಾಗೃತಿ ಫಲಕಗಳನ್ನು ನಾನೂ ಮಾಡಿಕೊಟ್ಟಿದ್ದೇನೆ, ಅವುಗಳ ಕೆಳಗೆ ನಿಂತು ಹೋಗಿಬರುವವರ ಕಣ್ಣು ಗಮನಿಸಿದ್ದೇನೆ. ಜನ ಓದುವುದಿಲ್ಲ. ಓದಲು ಬಾರದೆ ಅಲ್ಲ, ಏನು ಬರೆದಿದೆ ಎಂದು ಓದುವ ಮೊದಲೇ ಗೊತ್ತಿರುವುದರಿಂದ.

ನಮ್ಮ ಫಲಕಗಳ ಕ್ರಿಯಾಪದಗಳನ್ನೇ ನೋಡಿ. ಉಳಿಸಿ, ಬೆಳೆಸಿ, ಬಿಡಿ, ನಿಲ್ಲಿಸಿ, ಪಾಲಿಸಿ. ಎಲ್ಲವೂ ವಿಧಿರೂಪ, ಎಲ್ಲವೂ ಆಜ್ಞೆ. ಬರೆಸಿದವರು ಮೇಲೆ, ಓದುವವರು ಕೆಳಗೆ. ಅಕ್ಷರವೂ ಅದೇ ದನಿಯಲ್ಲಿರುತ್ತದೆ: ದಪ್ಪ, ಕೆಂಪು, ಸುತ್ತ ಹಳದಿ ಅಂಚು, ಕೊನೆಗೊಂದು ಆಶ್ಚರ್ಯಸೂಚಕ. ಇನ್ನು ಅದನ್ನು ಹೊತ್ತಿರುವ ವಸ್ತು ಯಾವುದು? ಹೆಚ್ಚಿನ ಕಡೆ ಫ್ಲೆಕ್ಸ್, ಅಂದರೆ ಪಾಲಿಯೆಸ್ಟರ್ ಬಲೆಗೆ ಪಿವಿಸಿ ಲೇಪಿಸಿದ ಹಾಳೆ. ಎರಡು ಬಗೆಯ ಪ್ಲಾಸ್ಟಿಕ್ ಒಂದಕ್ಕೊಂದು ಅಂಟಿರುವುದರಿಂದ ಅದನ್ನು ಬೇರ್ಪಡಿಸಿ ಮರುಬಳಸುವುದು ಕಷ್ಟ. ಬಯಲಲ್ಲಿ ಸುಟ್ಟರೆ ಪಿವಿಸಿಯಲ್ಲಿರುವ ಕ್ಲೋರಿನ್ ಹೈಡ್ರೋಜನ್ ಕ್ಲೋರೈಡ್ ಆಗಿ, ಡಯಾಕ್ಸಿನ್ ಆಗಿ ಗಾಳಿ ಸೇರುತ್ತದೆ. ಪರಿಸರ ಉಳಿಸಿ ಎಂಬ ಮಾತನ್ನು ನಾನೇ ಎಷ್ಟೋ ಸಲ ಅಂಥ ಹಾಳೆಯ ಮೇಲೆ ಅಚ್ಚು ಹಾಕಿಸಿದ್ದೇನೆ. ಅಕ್ಷರ ಒಂದು ಹೇಳಿತು, ವಸ್ತು ಅದಕ್ಕೆ ವಿರುದ್ಧವಾದದ್ದನ್ನು ಹೇಳಿತು. ಜನ ನಂಬಿದ್ದು ವಸ್ತುವನ್ನು.

ವಸ್ತು ಮತ್ತು ಅಕ್ಷರ ಒಂದೇ ಮಾತಾಡಿದರೆ ಏನಾಗುತ್ತದೆ ಎಂಬುದಕ್ಕೆ ನನ್ನ ಮನಸ್ಸಿನಿಂದ ಇಳಿಯದ ಒಂದು ಉದಾಹರಣೆಯಿದೆ.

2008ರ ಮೇ 12ರಂದು ಚೀನಾದ ಸಿಚುವಾನ್ ಪ್ರಾಂತದಲ್ಲಿ ಭೂಕಂಪವಾಯಿತು. ಕಳಪೆಯಾಗಿ ಕಟ್ಟಿದ್ದ ಶಾಲೆಗಳು ತರಗತಿ ನಡೆಯುತ್ತಿದ್ದ ಹೊತ್ತಿನಲ್ಲೇ ಮಕ್ಕಳ ಮೇಲೆ ಕುಸಿದವು. ಕಲಾವಿದ ಐ ವೇವೇ ಅಲ್ಲಿಗೆ ಹೋದಾಗ ಅವಶೇಷಗಳ ನಡುವೆ ಶಾಲಾಚೀಲಗಳು ಚೆಲ್ಲಿಬಿದ್ದಿದ್ದನ್ನು ಕಂಡರು. ಸತ್ತ ಮಕ್ಕಳ ಪಟ್ಟಿ ಹೊರಬರದಿದ್ದಾಗ ಸ್ವಯಂಸೇವಕರನ್ನು ಕೂಡಿಕೊಂಡು ಮನೆಮನೆಗೆ ಹೋಗಿ 5,000ಕ್ಕೂ ಹೆಚ್ಚು ಹೆಸರು ಸಂಗ್ರಹಿಸಿದರು. ಮರುವರ್ಷ, 2009ರಲ್ಲಿ, ಜರ್ಮನಿಯ ಮ್ಯೂನಿಕ್ ನಗರದ ಹೌಸ್ ಡೆರ್ ಕುನ್ಸ್ಟ್ ಎಂಬ ಕಲಾಭವನದ ಮುಂಗೋಡೆಯ ಉದ್ದಕ್ಕೂ ಸುಮಾರು 9,000 ಶಾಲಾಚೀಲಗಳನ್ನು ಜೋಡಿಸಿದರು. ದೂರದಿಂದ ನೋಡಿದರೆ ನೀಲಿಯ ಮೇಲೆ ಬಣ್ಣಬಣ್ಣದ ಚೀನೀ ಅಕ್ಷರಗಳು. ಒಂದೇ ವಾಕ್ಯ, ಮಗಳನ್ನು ಕಳೆದುಕೊಂಡ ಒಬ್ಬ ತಾಯಿ ಹೇಳಿದ್ದು: ಅವಳು ಈ ಲೋಕದಲ್ಲಿ ಏಳು ವರ್ಷ ಸಂತೋಷವಾಗಿ ಬದುಕಿದ್ದಳು.

ಇದರಲ್ಲಿ ಆಜ್ಞೆ ಎಲ್ಲಿದೆ? ಶಾಲೆ ಗಟ್ಟಿಯಾಗಿ ಕಟ್ಟಿ ಎಂದು ಆ ಗೋಡೆ ಹೇಳಲಿಲ್ಲ. ಲಂಚ ನಿಲ್ಲಿಸಿ ಎನ್ನಲಿಲ್ಲ. ಮುಗಿದುಹೋದ ಒಂದು ಕ್ರಿಯಾಪದ, ಒಂದು ವಯಸ್ಸು, ಅಷ್ಟೇ. ಉಳಿದದ್ದನ್ನು ಚೀಲಗಳು ಹೇಳಿದವು. ಪ್ರತಿ ಗೆರೆಯೂ ಮಗುವಿನ ಬೆನ್ನಿಗೆ ಅಂಟಿಕೊಳ್ಳುವ ವಸ್ತುವಿನಿಂದ ಆಗಿತ್ತು. ಅದೇ ವಾಕ್ಯವನ್ನು ಒಳ್ಳೆಯ ಫಾಂಟಿನಲ್ಲಿ ಅಚ್ಚು ಮಾಡಿಸಿ ಅದೇ ಗೋಡೆಗೆ ತೂಗುಹಾಕಿದ್ದರೆ ಓದಿ ಮರುಗುತ್ತಿದ್ದೆವು, ಮುಂದೆ ಹೋಗುತ್ತಿದ್ದೆವು. ಚೀಲವನ್ನು ದಾಟಿ ಹೋಗುವುದು ಅಷ್ಟು ಸುಲಭವಲ್ಲ, ಏಕೆಂದರೆ ಅಂಥದ್ದೊಂದು ನಮ್ಮ ಮನೆಯ ಬಾಗಿಲ ಹಿಂದೆಯೂ ತೂಗುತ್ತಿರುತ್ತದೆ.

ನಿಮ್ಮಲ್ಲಿ ನಾನು ಕೇಳಿಕೊಳ್ಳಬೇಕಾದದ್ದು ಇಲ್ಲಿಂದಲೇ ಹುಟ್ಟುತ್ತದೆ. ಆಜ್ಞೆ ಹೊರಡಿಸುವ ಗೋಡೆಗಳು ನಮಗೆ ಸಾಕಷ್ಟಿವೆ. ಸಾಕ್ಷಿ ಹೇಳುವ ಗೋಡೆಗಳಿಗೂ ಅನುಮತಿ ಕೊಡಿ.

ಸಾಕ್ಷಿ ಹೇಳಲು ದುಬಾರಿ ಸಾಮಗ್ರಿ ಬೇಕಿಲ್ಲ ಎಂಬುದಕ್ಕೆ 1968ರ ಮೆಂಫಿಸ್ ಪೌರಕಾರ್ಮಿಕರನ್ನು ನೆನೆಯಬೇಕು. ಅಮೆರಿಕದ ಆ ನಗರದಲ್ಲಿ ಫೆಬ್ರುವರಿ 1ರಂದು ಎಕೋಲ್ ಕೋಲ್ ಮತ್ತು ರಾಬರ್ಟ್ ವಾಕರ್ ಎಂಬ ಇಬ್ಬರು ಕಪ್ಪು ಕಾರ್ಮಿಕರು ಕಸದ ಲಾರಿಯ ಒತ್ತುಯಂತ್ರಕ್ಕೆ ಸಿಕ್ಕಿ ಸತ್ತರು. ಸುಮಾರು 1,300 ಕಾರ್ಮಿಕರು ಕೆಲಸ ನಿಲ್ಲಿಸಿದರು. ರಟ್ಟಿನ ಫಲಕಗಳನ್ನು ಹಿಡಿದು ಬೀದಿಯಲ್ಲಿ ಸಾಲಾಗಿ ನಿಂತರು. ಬಿಳಿ ರಟ್ಟು, ಕಪ್ಪು ದಪ್ಪಕ್ಷರ, ಇಂಗ್ಲಿಷಿನಲ್ಲಿ ನಾಲ್ಕು ಪುಟ್ಟ ಪದ: ಐ ಆ್ಯಮ್ ಎ ಮ್ಯಾನ್. ಎರಡನೆಯ ಪದದ ಕೆಳಗೆ ಒಂದು ಅಡಿಗೆರೆ. ಚಿತ್ರವಿಲ್ಲ, ಬೇಡಿಕೆಗಳ ಪಟ್ಟಿಯಿಲ್ಲ. ಒಬ್ಬರು ಹಿಡಿದರೆ ಅದು ಹೇಳಿಕೆ, ನೂರಾರು ಜನ ಒಂದೇ ಅಳತೆಯ ಒಂದೇ ಅಕ್ಷರ ಹಿಡಿದು ನಿಂತಾಗ ಅದು ಗೋಡೆ.

ಅಕ್ಷರದವಳಾಗಿ ನಾನು ಆ ಅಡಿಗೆರೆಯನ್ನು ಬಹಳ ದಿನ ಯೋಚಿಸಿದ್ದೇನೆ. ಇಡೀ ಭಾರ ಅದರ ಮೇಲಿದೆ. ನೀವು ಒಪ್ಪಿದರೂ ಒಪ್ಪದಿದ್ದರೂ ನಾನು ಆಗಿದ್ದೇನೆ ಎಂಬುದು ಆ ಗೆರೆಯ ಮಾತು. ಅದನ್ನು ಕನ್ನಡಕ್ಕೆ ತರಲು ಹೋದರೆ 'ನಾನು ಮನುಷ್ಯ' ಆಗುತ್ತದೆ, ಗೆರೆ ಎಳೆಯಲು ಆ ಪದವೇ ಇಲ್ಲ. ನಮ್ಮ ಭಾಷೆ ಆ ಭಾರವನ್ನು ಬೇರೆ ಕಡೆ ಹೊರುತ್ತದೆ: 'ನಾನೂ ಮನುಷ್ಯನೇ'. ಒಂದು ಕೊಂಬಿನ ದೀರ್ಘ, ಒಂದು ಏಕಾರ. ನಾನು ಬರೆಯುವುದಾದರೆ ಆ ಎರಡು ಚಿಹ್ನೆಗಳನ್ನಷ್ಟೇ ದಪ್ಪ ಮಾಡುತ್ತೇನೆ. ಇದನ್ನು ಇಷ್ಟು ವಿವರವಾಗಿ ಹೇಳುತ್ತಿರುವುದಕ್ಕೆ ಕಾರಣವಿದೆ. ಜಾಗೃತಿ ಸಾಮಗ್ರಿ ಎಲ್ಲೋ ಬೇರೆ ಭಾಷೆಯಲ್ಲಿ ತಯಾರಾಗಿ, ಅನುವಾದವಾಗಿ, ಅದೇ ವಿನ್ಯಾಸದೊಳಗೆ ತುರುಕಲ್ಪಟ್ಟು ನಿಮ್ಮ ಮೇಜಿಗೆ ಬರುತ್ತದೆ. ಇಂಗ್ಲಿಷಿನ ಸಾಲಿಗೆ ಅಳೆದ ಜಾಗದಲ್ಲಿ ಕನ್ನಡದ ಒತ್ತಕ್ಷರ ಮೇಲಿನ ಸಾಲಿನಿಂದ ಇಳಿದು ಕೆಳಗಿನ ಸಾಲಿನ ತಲೆಕಟ್ಟಿಗೆ ತಾಗುತ್ತದೆ. ಜಾಗ ಸಾಲದೆ ಅಕ್ಷರವನ್ನು ಅಡ್ಡಕ್ಕೆ ಹಿಂಡುತ್ತಾರೆ, ಇಲ್ಲವೇ ಉದ್ದಕ್ಕೆ ಎಳೆಯುತ್ತಾರೆ. ಬೋರ್ಡ್ ಬರೆಯುವವರಲ್ಲಿ ಹಳೆಯ ಲೆಕ್ಕವೊಂದಿದೆ, ಹತ್ತು ಅಡಿ ದೂರಕ್ಕೆ ಒಂದು ಅಂಗುಲ ಎತ್ತರದ ಅಕ್ಷರ. ಕೊಂಬು, ಒತ್ತು, ಗುಡಿಸು ಎಲ್ಲ ಇರುವ ಲಿಪಿಗೆ ಅದಕ್ಕಿಂತ ಹೆಚ್ಚು ಉಸಿರಾಟದ ಜಾಗ ಬೇಕು. ಹಿಂಡಿದ ಅಕ್ಷರದಲ್ಲಿ ಬರೆದ ಕಾಳಜಿ, ಕಾಳಜಿಯಾಗಿ ಕಾಣುವುದಿಲ್ಲ.

ಅಕ್ಷರಕ್ಕೆ ಇಷ್ಟು ಶಕ್ತಿಯಿದೆಯೇ ಎಂದು ಸಂಶಯಪಡುವವರಿಗೆ ಸರ್ಕಾರವೇ ಮಾಡಿ ತೋರಿಸಿದ ಕೆಲಸವೊಂದನ್ನು ಹೇಳುತ್ತೇನೆ. ಆಸ್ಟ್ರೇಲಿಯಾ 2012ರ ಡಿಸೆಂಬರಿನಿಂದ ಸಿಗರೇಟು ಪೊಟ್ಟಣಗಳ ಅಲಂಕಾರವನ್ನೆಲ್ಲ ಕಾನೂನಿನಿಂದ ಕಿತ್ತುಹಾಕಿತು. ಎಲ್ಲ ಕಂಪನಿಗೂ ಒಂದೇ ಮಂಕು ಕಂದು ಬಣ್ಣ, ಬ್ರ್ಯಾಂಡಿನ ಹೆಸರಿಗೆ ಒಂದೇ ಅಕ್ಷರಶೈಲಿ, ಲೂಸಿಡಾ ಸಾನ್ಸ್, ಅದೂ ನಿಗದಿಪಡಿಸಿದ ಗಾತ್ರದಲ್ಲಿ. ತಂಬಾಕು ಕಂಪನಿಗಳು ಇದರ ವಿರುದ್ಧ ಅಲ್ಲಿನ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟಿನವರೆಗೂ ಹೋಗಿ ಸೋತವು. ಫಾಂಟ್ ಬರೀ ಅಲಂಕಾರವಾಗಿದ್ದರೆ ಅಷ್ಟು ದೊಡ್ಡ ಕಂಪನಿಗಳು ಅದಕ್ಕಾಗಿ ಕಟಕಟೆ ಹತ್ತುತ್ತಿರಲಿಲ್ಲ. ದಿನಾ ಕಿಸೆಯಲ್ಲಿಟ್ಟುಕೊಳ್ಳುವ ಪೊಟ್ಟಣವೊಂದು ಜಾಗೃತಿಯ ಫಲಕವಾದದ್ದು ಹಾಗೆ.

ಈಗ ನಮ್ಮದೇ ಒಂದು ಗೋಡೆಯ ಕಥೆ. ಕೆಲವು ವರ್ಷಗಳ ಹಿಂದೆ ಒಂದು ಶಾಲೆಯ ಮಕ್ಕಳ ಜೊತೆ ಪ್ಲಾಸ್ಟಿಕ್ ಕುರಿತು ಏನಾದರೂ ಮಾಡೋಣ ಎಂದು ಹೊರಟೆ. ಮೊದಲ ದಿನ ಮಕ್ಕಳು ಕೊಟ್ಟ ಘೋಷಣೆಗಳೆಲ್ಲ ನಾವು ದೊಡ್ಡವರು ಕಲಿಸಿದ್ದವೇ: ಬಿಡಿ, ತ್ಯಜಿಸಿ, ಉಳಿಸಿ. ಬರೆಯುವುದು ಆಮೇಲೆ, ಮೊದಲು ಸೇರಿಸಿ ಎಂದೆ. ಒಂದು ವಾರ, ಶಾಲೆಯ ಒಳಗೆ ಬಿದ್ದ ಬಾಟಲಿ ಮುಚ್ಚಳ ಮಾತ್ರ. ವಾರದ ಕೊನೆಗೆ ನೆಲದ ಮೇಲೆ ಸುರಿದಾಗ ರಾಶಿಯ ಸುತ್ತ ಮಕ್ಕಳು ಸುಮ್ಮನೆ ನಿಂತರು. ಎಣಿಸಿದರೆ ಸಾವಿರ ದಾಟಿತ್ತು. ಆಗ ಏಳನೇ ತರಗತಿಯ ಹುಡುಗಿಯೊಬ್ಬಳು, 'ಇದು ಬರೀ ನಮ್ಮ ಒಂದು ವಾರದ್ದಾ?' ಎಂದು ಕೇಳಿದಳು. ವಾಕ್ಯ ಸಿಕ್ಕಿಬಿಟ್ಟಿತು. ಪ್ರಶ್ನಾರ್ಥಕ ತೆಗೆದು ಅದನ್ನೇ ಬರೆದೆವು: ಇದು ನಮ್ಮ ಒಂದು ವಾರ.

ಮುಚ್ಚಳದ ಅಡ್ಡಳತೆ ಸುಮಾರು 3 ಸೆಂಟಿಮೀಟರ್. ಒಂದು ಮೀಟರ್ ಗೆರೆಗೆ 33 ಮುಚ್ಚಳ, ಗೆರೆ ದೂರಕ್ಕೆ ಕಾಣಲು ಎರಡು ಸಾಲು ಬೇಕು, ಹಾಗಾಗಿ 66. ಅರ್ಧ ಮೀಟರ್ ಎತ್ತರದ ಅಕ್ಷರ ಬಿಚ್ಚಿದರೆ ಎರಡು ಮೀಟರ್ ಗೆರೆ. ಎಂಟು ಅಕ್ಷರಕ್ಕೆ ಸಾವಿರದ ಚಿಲ್ಲರೆ ಮುಚ್ಚಳ. ಮಕ್ಕಳು ಈ ಲೆಕ್ಕವನ್ನು ನೆಲದ ಮೇಲೆ ಸೀಮೆಸುಣ್ಣದಲ್ಲಿ ಮಾಡಿದರು. ನಮ್ಮ ಲಿಪಿ ದುಂಡಗಿರುವುದು ಅಲ್ಲಿ ವರವಾಯಿತು. ನೇರ ಕಡ್ಡಿಗಳಿಂದ ಕನ್ನಡ ಬರೆಯಲು ಹೋದರೆ ಅಕ್ಷರ ಮುರಿಯುತ್ತದೆ. ಮುಚ್ಚಳ, ಹಗ್ಗ, ಗುಂಡಿ, ಬಳೆ ಇವು ತಿರುವಿನ ಜೊತೆ ತಿರುಗುತ್ತವೆ. 'ನಮ್ಮ' ಎಂಬಲ್ಲಿನ ಮ ಒತ್ತು ಕಟ್ಟಲು ಎರಡು ಗಂಟೆ ಹಿಡಿಯಿತು. 'ಒಂದು' ಪದದ ಸೊನ್ನೆಗೆ ಒಂದೇ ಒಂದು ದೊಡ್ಡ ಡಬ್ಬಿಯ ಮುಚ್ಚಳ ಇಟ್ಟೆವು. ಅಂಟು ಈ ಪ್ಲಾಸ್ಟಿಕ್ಕಿಗೆ ನಿಲ್ಲುವುದಿಲ್ಲ, ಎರಡು ದಿನದಲ್ಲಿ ಉದುರುತ್ತದೆ. ಅದಕ್ಕೇ ತೊಳೆದು ಒಣಗಿಸಿದ ಮುಚ್ಚಳಗಳನ್ನು ಒಂದೊಂದಾಗಿ ಪ್ಲೈವುಡ್ ಹಲಗೆಗೆ ಸ್ಕ್ರೂ ಹಾಕಿ ಕೂರಿಸಿದೆವು. ತೊಳೆಯದಿದ್ದರೆ ಸಕ್ಕರೆಯ ಜಿಡ್ಡಿಗೆ ಇರುವೆ ಮುತ್ತುತ್ತದೆ.

ಹಲಗೆಯನ್ನು ರಸ್ತೆಗೆ ಕಾಣುವ ಹೊರಗೋಡೆಗೆ ನಿಲ್ಲಿಸಿದೆವು. ಮೊದಲ ಸಂಜೆಯೇ ನಾನು ಹಿಂದೆಂದೂ ನೋಡಿರದ ಸಂಗತಿ ನಡೆಯಿತು. ಜನ ನಿಂತರು. ಹತ್ತಿರ ಬಂದು ಬೆರಳಿಟ್ಟು ಮುಟ್ಟಿದರು. ದೂರದಿಂದ ಅಕ್ಷರವಾಗಿದ್ದದ್ದು ಹತ್ತಿರ ಬಂದಾಗ ತಾವು ನಿನ್ನೆ ಎಸೆದ ವಸ್ತುವಾಗುತ್ತಿತ್ತು. ಓದಲು ಕಲಿಯುತ್ತಿದ್ದ ಪುಟ್ಟ ಹುಡುಗನೊಬ್ಬ 'ರ' ಅಕ್ಷರದ ಮೇಲೆ ಬೆರಳಾಡಿಸಿ ಅದು ಹೇಗೆ ಸುತ್ತುತ್ತದೆ ಎಂದು ತನ್ನ ಅಮ್ಮನಿಗೆ ತೋರಿಸಿದ.

ನಾಲ್ಕನೆಯ ದಿನ ಹಲಗೆ ಇರಲಿಲ್ಲ. ಅನುಮತಿ ಪಡೆಯದ ಫಲಕ ಎಂದು ತೆಗೆದಿದ್ದರು. ನಾವು ಅನುಮತಿ ಕೇಳಿದ್ದೆವು, ಅರ್ಜಿ ಎರಡು ತಿಂಗಳಿಂದ ಕಚೇರಿಯೊಂದರಲ್ಲಿ ಬಿದ್ದಿತ್ತು. ವಿಚಾರಿಸಲು ಹೋದಾಗ ಅಲ್ಲಿದ್ದವರೊಬ್ಬರು ಮರ್ಯಾದೆಯಿಂದಲೇ ಕೇಳಿದರು: ಇದು ಜಾಹೀರಾತೋ, ಕಲೆಯೋ, ಸೂಚನಾ ಫಲಕವೋ? ಅರ್ಜಿ ನಮೂನೆಯಲ್ಲಿ ಮೂರೇ ಕಲಂ ಇದ್ದವು, ನಮ್ಮದು ಯಾವುದಕ್ಕೂ ಹೊಂದುತ್ತಿರಲಿಲ್ಲ. ಮಕ್ಕಳು ಕಟ್ಟಿದ್ದ ಅಕ್ಷರಗಳು ಕಸದ ಗಾಡಿಗೆ ಹೋಗಿದ್ದವು. ಆ ಹುಡುಗಿ ನನ್ನನ್ನು ಏನೂ ಕೇಳಲಿಲ್ಲ. ಅದು ಇವತ್ತಿಗೂ ನೋಯುತ್ತದೆ.

ಹಾಗಾಗಿ ಮೊದಲ ಬೇಡಿಕೆ ನಮೂನೆಯದ್ದೇ. ಜಾಹೀರಾತೂ ಅಲ್ಲದ, ಸೂಚನೆಯೂ ಅಲ್ಲದ, ಜನರು ತಾವೇ ಕಟ್ಟಿದ ಅಕ್ಷರಕ್ಕೆ ಒಂದು ಕಲಂ ತೆರೆಯಿರಿ. ಅರ್ಜಿಗೆ ಇಂತಿಷ್ಟು ದಿನದಲ್ಲಿ ಹೌದು ಅಥವಾ ಇಲ್ಲ ಎಂದು ಉತ್ತರಿಸಿ. ಇಲ್ಲ ಎಂದರೆ ಕಾರಣ ಬರೆದು ಕೊಡಿ. ವರ್ಷಕ್ಕೆ ನೂರು ಫಲಕ ಬರೆಸುವಲ್ಲಿ ಹತ್ತರ ಹಣವನ್ನು ಇಂಥ ಕೆಲಸಕ್ಕೆ ಬೇರೆ ಎತ್ತಿಡಿ. ಕೆಲಸ ಮಾಡಿದವರಿಗೆ ಕೂಲಿ ಕೊಡಿ. ವಸ್ತು ಕಸದ್ದಾದರೂ ಕೈಗಳ ದುಡಿಮೆ ಕಸವಲ್ಲ.

ಎರಡನೆಯದು ವಾಕ್ಯದ ಬಗ್ಗೆ, ನನಗೆ ಇದೇ ಹೆಚ್ಚು ಮುಖ್ಯ. ವಾಕ್ಯವನ್ನು ಕಚೇರಿಯಲ್ಲಿ ಬರೆದು ಕೆಳಗೆ ಕಳಿಸಬೇಡಿ. ಯಾರ ಬದುಕಿನ ಮಾತೋ ಅವರೇ ಹೇಳಲಿ. 1987ರ ಅಕ್ಟೋಬರ್ 11ರಂದು ವಾಷಿಂಗ್ಟನ್ನಿನ ನ್ಯಾಷನಲ್ ಮಾಲ್ ಮೈದಾನದಲ್ಲಿ ಏಡ್ಸ್ ಸ್ಮಾರಕ ಕೌದಿಯನ್ನು ಮೊದಲ ಸಲ ಹಾಸಿದಾಗ ಅದರಲ್ಲಿ 1,920 ತುಂಡುಗಳಿದ್ದವು. ಪ್ರತಿ ತುಂಡೂ ಮೂರಡಿ ಅಗಲ, ಆರಡಿ ಉದ್ದ, ಹೆಚ್ಚುಕಡಿಮೆ ಒಂದು ಸಮಾಧಿಯಷ್ಟು. ಏಡ್ಸ್‌ನಿಂದ ಸತ್ತವರ ಹೆಸರನ್ನು ಅವರನ್ನು ಪ್ರೀತಿಸಿದವರು ಬಟ್ಟೆಯಲ್ಲಿ ಕತ್ತರಿಸಿ ಹೊಲಿದಿದ್ದರು. ಅವರೇ ತೊಟ್ಟ ಅಂಗಿ, ಜೀನ್ಸು, ಪರದೆಯ ಚೂರು. ರೋಗದ ಹೆಸರು ಹೇಳಲೂ ನಾಚುತ್ತಿದ್ದ ಕಾಲವದು. ಆ ಅಕ್ಷರಗಳಲ್ಲಿ ಎಷ್ಟೋ ಸೊಟ್ಟ, ಸಾಲು ಏರುಪೇರು, ಹೊಲಿಗೆ ಬಿಗಿಯಿಲ್ಲ. ಏಕರೂಪದ ಫಾಂಟ್ ಇರಬೇಕು ಎಂದು ಯಾರಾದರೂ ನಿಯಮ ಮಾಡಿದ್ದರೆ ಆ ಕೌದಿ ಸತ್ತುಹೋಗುತ್ತಿತ್ತು. ಇಂದು ಅದು ಸುಮಾರು 50,000 ತುಂಡುಗಳಿಗೆ ಬೆಳೆದಿದೆ. ಅಂದವಾಗಿ ಬರೆಯುವುದೇ ಕಸುಬಾದ ನನಗೂ ಇದನ್ನು ಒಪ್ಪಿಕೊಳ್ಳಲು ಕಾಲ ಹಿಡಿಯಿತು: ಕೆಲವು ಹೆಸರುಗಳನ್ನು ನನಗಿಂತ ಚೆನ್ನಾಗಿ, ಸೂಜಿ ಹಿಡಿದೇ ಗೊತ್ತಿಲ್ಲದ ತಾಯಿ ಬರೆಯುತ್ತಾಳೆ. ಅಂಥ ಕಡೆ ನಮ್ಮಂಥವರ ಕೆಲಸ ಅಳತೆ ಹೇಳಿಕೊಡುವುದು, ದೂರಕ್ಕೆ ಓದಿಸುವುದು, ಆಮೇಲೆ ಪಕ್ಕಕ್ಕೆ ಸರಿಯುವುದು.

ಜೊತೆಗೆ ಒಂದು ಎಚ್ಚರ. ನೊಂದವರ ವಸ್ತುಗಳನ್ನು ಅವರ ಒಪ್ಪಿಗೆಯಿಲ್ಲದೆ ಯಾವ ಗೋಡೆಗೂ ಏರಿಸಬಾರದು, ಎಷ್ಟೇ ಒಳ್ಳೆಯ ಉದ್ದೇಶವಿದ್ದರೂ. ಕಸದಿಂದ ಕಲೆ ಎಂಬ ಸ್ಪರ್ಧೆ ಏರ್ಪಡಿಸಿ, ಮಕ್ಕಳು ಹೊಸ ಬಾಟಲಿ, ಹೊಸ ಲೋಟ ಕೊಂಡು ತಂದು ಅಂಟಿಸುವುದನ್ನು ಹಲವು ಕಡೆ ಕಂಡಿದ್ದೇನೆ. ದಯವಿಟ್ಟು ಅದನ್ನು ನಿಲ್ಲಿಸಿ. ಕಲಾವಿದ ಎಲ್ ಅನಾಟ್ಸೂಯಿ ನೈಜೀರಿಯಾದಲ್ಲಿ ಮದ್ಯದ ಬಾಟಲಿಗಳ ಲೋಹದ ಮುಚ್ಚಳಗಳನ್ನು ತಾಮ್ರದ ತಂತಿಯಿಂದ ಹೆಣೆದು ಗೋಡೆಯಷ್ಟು ದೊಡ್ಡ ಹೊದಿಕೆಗಳನ್ನು ಮಾಡಿದಾಗ ಅವು ಕಣ್ಣಿಗೆ ಬಂಗಾರದಂತೆ ಹೊಳೆದವು. ಆದರೆ ಆ ಮುಚ್ಚಳಗಳ ಹಿಂದೆ ಯೂರೋಪಿನವರು ಆಫ್ರಿಕಕ್ಕೆ ತಂದ ಮದ್ಯ, ಅದರ ಜೊತೆ ಹೆಣೆದುಕೊಂಡ ಗುಲಾಮರ ವ್ಯಾಪಾರದ ಚರಿತ್ರೆಯಿದೆ. ವಸ್ತು ಎಲ್ಲೆಲ್ಲಿ ಹಾದು ಬಂದಿದೆ ಎಂಬುದೇ ಅದರ ಮಾತು. ಅಂಗಡಿಯಿಂದ ನೇರ ಬಂದ ಮುಚ್ಚಳಕ್ಕೆ ಹೇಳಲು ಏನೂ ಇರುವುದಿಲ್ಲ.

ಮೂರನೆಯದು ಚಿಕ್ಕದು. ಮಂಜೂರು ಮಾಡಿದವರ ಹೆಸರು, ಲಾಂಛನ, ಭಾವಚಿತ್ರ ಅಕ್ಷರಕ್ಕಿಂತ ದೊಡ್ಡದಿರಬಾರದು. ಸಾಧ್ಯವಾದರೆ ಅದೇ ಗೋಡೆಯ ಮೇಲೆ ಬೇಡವೇ ಬೇಡ. ಓದುವ ಕಣ್ಣು ಮೊದಲು ಹೆಸರಿನ ಮೇಲೆ ಬಿದ್ದರೆ ಇಡೀ ಗೋಡೆ ಪ್ರಚಾರದ್ದಾಗುತ್ತದೆ.

ಇನ್ನು ತೆಗೆಯುವ ಮಾತು. ನಮ್ಮ ಹಲಗೆಯನ್ನು ತೆಗೆದದ್ದಕ್ಕೆ ನನಗೆ ನೋವಾಯಿತು, ಆದರೆ ಇಂಥ ಕೆಲಸ ಎಂದೆಂದಿಗೂ ಇರಬೇಕು ಎಂದು ನಾನು ಕೇಳುವುದಿಲ್ಲ. ಬಿಸಿಲಿಗೆ ಪ್ಲಾಸ್ಟಿಕ್ ಬಣ್ಣ ಕಳೆದುಕೊಂಡು ಪುಡಿಯಾಗುತ್ತದೆ, ಪುಡಿ ಮಣ್ಣು ಸೇರುತ್ತದೆ. ಹಾಕುವ ದಿನವೇ ತೆಗೆಯುವ ದಿನವನ್ನೂ ಬರೆದಿಡಬೇಕು, ಯಾರು ತೆಗೆಯುತ್ತಾರೆ, ವಸ್ತು ಎಲ್ಲಿಗೆ ಹೋಗುತ್ತದೆ ಎಂಬುದನ್ನೂ. ಸ್ಕ್ರೂ ಹಾಕಿದ ಮುಚ್ಚಳ ಬಿಚ್ಚಿದರೆ ಮರುಬಳಕೆಗೆ ಹೋಗುತ್ತದೆ, ಅಂಟಿನಲ್ಲಿ ಮುಳುಗಿಸಿದ್ದು ಹೋಗುವುದಿಲ್ಲ. ಕೊಲಂಬಿಯಾದ ಕಲಾವಿದೆ ಡೋರಿಸ್ ಸಾಲ್ಸೆಡೊ 2017ರಲ್ಲಿ ಮ್ಯಾಡ್ರಿಡ್ಡಿನ ಗಾಜಿನ ಅರಮನೆಯಲ್ಲಿ, ಯೂರೋಪು ತಲುಪಲು ಹೊರಟು ಸಮುದ್ರದಲ್ಲಿ ಮುಳುಗಿದವರ ಹೆಸರುಗಳನ್ನು ನೀರಿನಲ್ಲೇ ಬರೆದರು. ನೆಲದಿಂದ ಹನಿ ಒಸರಿ ಅಕ್ಷರವಾಗುತ್ತಿತ್ತು, ಸ್ವಲ್ಪ ಹೊತ್ತಿಗೆ ಇಂಗಿಹೋಗುತ್ತಿತ್ತು, ಮತ್ತೆ ಒಸರುತ್ತಿತ್ತು. ಅಳಿಯುವುದೂ ಆ ಬರಹದ ಭಾಗವಾಗಿತ್ತು. ಗೋಡೆಯಿಂದ ಇಳಿಸಬೇಡಿ ಎಂದಲ್ಲ, ಕಟ್ಟಿದವರಿಗೆ ಹೇಳಿ ಇಳಿಸಿ ಎಂದು ಕೇಳುತ್ತಿದ್ದೇನೆ. ಇಳಿಸುವ ದಿನ ಮಕ್ಕಳು ಅಲ್ಲಿರಲಿ.

ಕೊನೆಗೊಂದು ಮಾತನ್ನು ಹೇಳದೆ ಇದ್ದರೆ ಪತ್ರ ಪ್ರಾಮಾಣಿಕವಾಗುವುದಿಲ್ಲ. ನಲ್ಲಿಯಲ್ಲಿ ನೀರು ಬಾರದ ಕಡೆ ನೀರಿನ ಬಗ್ಗೆ ಎಷ್ಟು ಚಂದದ ಅಕ್ಷರ ಕಟ್ಟಿದರೂ ಅದು ಅಲ್ಲಿನವರಿಗೆ ಅವಮಾನ. ಗೋಡೆ ಏನಾದರೂ ಕೇಳಿದರೆ ಅದು ನಿಮ್ಮನ್ನೂ ಕೇಳುತ್ತದೆ. ಮೆಂಫಿಸ್ಸಿನ ರಟ್ಟುಗಳು ಬೀದಿಯಲ್ಲಿ ಹೋಗುವವರಿಗೆ ಮಾತ್ರ ಬರೆದದ್ದಾಗಿರಲಿಲ್ಲ, ನಗರವನ್ನು ಆಳುವವರ ಮುಖಕ್ಕೆ ಹಿಡಿದವಾಗಿದ್ದವು. ಅಂಥ ವಾಕ್ಯ ನಿಮ್ಮ ಮೇಜಿಗೆ ಬಂದಾಗ ಅದನ್ನು ತಿದ್ದದೆ ಬಿಡುವ ಧೈರ್ಯ ನಿಮಗಿರಲಿ ಎಂಬುದು ನನ್ನ ಕಳಕಳಿ.

ನಮ್ಮ ಕೋಣೆಯಲ್ಲಿ ಈಗ ತೊಳೆದು ಒಣಗಿಸಿದ ಮುಚ್ಚಳಗಳ ನಾಲ್ಕು ಚೀಲಗಳಿವೆ. ಬಣ್ಣದ ಪ್ರಕಾರ ಬೇರ್ಪಡಿಸಿದ್ದೇವೆ, ನೀಲಿ ಹೆಚ್ಚು, ಕೆಂಪು ಕಡಿಮೆ. ಸ್ಕ್ರೂಗಳಿವೆ, ಹಲಗೆಗಳಿವೆ, ಶನಿವಾರ ಮಧ್ಯಾಹ್ನ ಬಂದು ಕೂರುವ ಹದಿನೆಂಟು ಮಕ್ಕಳಿದ್ದಾರೆ. ಈ ಸಲದ ವಾಕ್ಯವನ್ನು ಇನ್ನೂ ಹುಡುಕುತ್ತಿದ್ದಾರೆ. ಅರ್ಜಿಯನ್ನು ಮತ್ತೆ ಕೊಟ್ಟಿದ್ದೇವೆ. ಗೋಡೆ ಯಾವುದೆಂದು ಹೇಳಿ.

ಇತಿ,
ಅಕ್ಷರ ಕಟ್ಟುವ ಒಬ್ಬಳು